ಆಗಲ್ಲ ಅನ್ನೋದನ್ನ ಬರೆದು ಕೊಡಿ ಸಾರ್

ದಾವಣಗೆರೆಯಲ್ಲಿ ಒಂದು ಸಂಜೆ ಸಭೆ ಮಾಡಬೇಕು ಅಂದರೆ ಕುರ್ಚಿ, ಶಾಮಿಯಾನ, ಮೈಕ್‌ಸೆಟ್ಟು, ಕೊನೆಗೆ ಹಂಚೋಕೆ ಖಾರ ಮಂಡಕ್ಕಿ, ಮಿರ್ಚಿ ಎಲ್ಲ ಒಂದೇ ಫೋನಿಗೆ ಬರುತ್ತವೆ. ಕಷ್ಟ ಇರುವುದು ಅನುಮತಿಯಲ್ಲಿ. ಕೊಡ್ತೀವಿ ಅಂತಲೂ ಹೇಳುವುದಿಲ್ಲ, ಕೊಡಲ್ಲ ಅಂತಲೂ ಬರೆಯುವುದಿಲ್ಲ. ಈ ಎರಡರ ನಡುವೆ ಎಷ್ಟೋ ಸಭೆಗಳು ನಡೆಯದೇ ಹೋಗುತ್ತವೆ. ನಮ್ಮದೂ ಹಾಗೇ ಆಗುವುದರಲ್ಲಿತ್ತು. ಹೇಗೆ ನಡೆಯಿತು ಅನ್ನುವುದನ್ನು ಬರೆದಿಡುತ್ತಿದ್ದೇನೆ. ಬೇರೆ ಊರಿನವರಿಗೂ ಉಪಯೋಗಕ್ಕೆ ಬರಬಹುದು.

ನಮ್ಮದು ದೊಡ್ಡ ಸಂಘಟನೆ ಏನಲ್ಲ. ನೋಂದಣಿ ಇಲ್ಲ, ಬ್ಯಾನರ್ ಇಲ್ಲ. ಭಾನುವಾರ ಬೆಳಿಗ್ಗೆ ಯಾರದಾದರೂ ಮನೆಯಲ್ಲೋ ಪಾರ್ಕಿನಲ್ಲೋ ಸೇರುತ್ತೇವೆ. ಏನಾದರೂ ಓದುತ್ತೇವೆ, ವಾದ ಮಾಡುತ್ತೇವೆ, ಬೆಣ್ಣೆದೋಸೆ ತಿಂದು ಮನೆಗೆ ಹೋಗುತ್ತೇವೆ. ನಿವೃತ್ತಿಯಾದ ಹೈಸ್ಕೂಲ್ ಮೇಷ್ಟ್ರು ಇದ್ದಾರೆ. ಹತ್ತಿ ಗಿರಣಿಯಲ್ಲಿ ವಯಸ್ಸು ಕಳೆದ ಒಬ್ಬ ಹಿರಿಯರಿದ್ದಾರೆ, ಅವರನ್ನು ಎಲ್ಲರೂ ಕಾಮ್ರೇಡಣ್ಣ ಅಂತಲೇ ಕರೆಯುವುದು. ಒಬ್ಬ ವಕೀಲೆ, ನನ್ನ ಗೆಳತಿ. ಬಟ್ಟೆ ಅಂಗಡಿಯ ಹುಡುಗರು, ಕಾಲೇಜು ಹುಡುಗಿಯರು. ನಾನು ಆಡಿಟರ್ ಆಫೀಸಿನಲ್ಲಿ ಲೆಕ್ಕ ಬರೆಯುವವಳು.

2025ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನ ನಡೆಯಿತಲ್ಲ, ಆಗ ದ್ವೇಷ ಭಾಷಣ ಮತ್ತು ದ್ವೇಷ ಅಪರಾಧ ತಡೆ ಮಸೂದೆಯನ್ನು ವಿಧಾನಸಭೆ ಒಪ್ಪಿತು. ಅದರ ಮುಂದಿನ ಭಾನುವಾರ ನಮ್ಮಲ್ಲಿ ದೊಡ್ಡ ಜಗಳವೇ ಆಯಿತು. ಮೇಷ್ಟ್ರು ಮಸೂದೆಯ ಪರ. ಅವರ ಮಾತಿನಲ್ಲಿ ತೂಕ ಇತ್ತು. "2015ರ ಆಗಸ್ಟ್ 30ಕ್ಕೆ ಧಾರವಾಡದಲ್ಲಿ ಕಲಬುರ್ಗಿಯವರನ್ನು ಮನೆ ಬಾಗಿಲಲ್ಲೇ ಕೊಂದರು. 2017ರ ಸೆಪ್ಟೆಂಬರ್ 5ಕ್ಕೆ ಗೌರಿ ಲಂಕೇಶ್. ಇಬ್ಬರ ವಿಷಯದಲ್ಲೂ ಗುಂಡಿಗಿಂತ ಮುಂಚೆ ಬೈಗುಳ ಬಂದಿತ್ತು. ಮೊದಲು ಮಾತಿನಲ್ಲಿ ಒಬ್ಬರನ್ನು ಕೆಟ್ಟವರು ಮಾಡ್ತಾರೆ, ಆಮೇಲೆ ಕೈ ಮಾಡ್ತಾರೆ. ಬೆದರಿಸಿಕೊಂಡವನು ಬಾಯಿ ಮುಚ್ಚಿಕೊಂಡು ಕೂರ್ತಾನೆ. ಅವನ ಮಾತಿನ ಹಕ್ಕು ಎಲ್ಲಿ ಹೋಯ್ತು?" ಅಂತ ಕೇಳಿದರು. ದೂರದ ಉದಾಹರಣೆ ಯಾಕೆ, 2015ರ ಅಕ್ಟೋಬರ್‌ನಲ್ಲಿ ನಮ್ಮ ದಾವಣಗೆರೆಯಲ್ಲೇ ಜಾತಿಯ ಬಗ್ಗೆ ಪುಸ್ತಕ ಬರೆದ ಒಬ್ಬ ದಲಿತ ವಿದ್ಯಾರ್ಥಿಯನ್ನು ಹಾಸ್ಟೆಲ್‌ನಿಂದ ಸುಳ್ಳು ಹೇಳಿ ಕರೆದುಕೊಂಡು ಹೋಗಿ ಹೊಡೆದಿದ್ದರು. ಬರೆಯುವ ಬೆರಳು ಕತ್ತರಿಸ್ತೀವಿ ಅಂದಿದ್ದರು. ಅದನ್ನು ನಮ್ಮಲ್ಲಿ ಯಾರೂ ಮರೆತಿಲ್ಲ.

ವಕೀಲೆ ಗೆಳತಿ ವಿರುದ್ಧ. "ದ್ವೇಷ ತಡೀಬೇಕು ಅನ್ನೋದರಲ್ಲಿ ಎರಡು ಮಾತಿಲ್ಲ ಮೇಷ್ಟ್ರೇ. ಆದ್ರೆ 7 ವರ್ಷದವರೆಗೆ ಜೈಲು, ಜಾಮೀನು ರಹಿತ ಅಂತ ಬರೆದ ಮೇಲೆ ಯಾವುದು ದ್ವೇಷ, ಯಾವುದು ಟೀಕೆ ಅಂತ ಮೊದಲು ತೀರ್ಮಾನ ಮಾಡೋರು ಜಡ್ಜ್ ಅಲ್ಲ, ಠಾಣೆಯವರು. ಕೇಸು ಬಿದ್ದು ಹೋಗೋ ಹೊತ್ತಿಗೆ ಮನುಷ್ಯ ಸೋತು ಹೋಗಿರ್ತಾನೆ." ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಮು ಈಗಾಗಲೇ ಇದೆ, ಗುಂಪು ಗುಂಪಿನ ನಡುವೆ ವೈರ ಹುಟ್ಟಿಸಿದರೆ ಅದರಲ್ಲೇ 3 ವರ್ಷದವರೆಗೆ ಶಿಕ್ಷೆ ಇದೆ, ಅದನ್ನು ನೆಟ್ಟಗೆ ಬಳಸಲಿ ಅಂತ ಅವಳ ವಾದ.

ಇಬ್ಬರೂ ಸೋಲಲಿಲ್ಲ. ಹಾಗಾದರೆ ಇದನ್ನು ಊರ ಮುಂದೆಯೇ ಮಾತಾಡೋಣ ಅಂತ ತೀರ್ಮಾನ ಆಯಿತು. ಗಣರಾಜ್ಯೋತ್ಸವದ ಹಿಂದಿನ ದಿನ ಭಾನುವಾರ ಬಿದ್ದಿತ್ತು. ಸಂಜೆ ಐದಕ್ಕೆ ಶುರು. ಒಬ್ಬರು ಪರ, ಒಬ್ಬರು ವಿರುದ್ಧ, ಆಮೇಲೆ ಯಾರು ಬೇಕಾದರೂ ಮೈಕ್ ಹಿಡಿಯಬಹುದು. ಓಡಾಟಕ್ಕೆ ನಾನು ಒಪ್ಪಿಕೊಂಡೆ.

ಮೊದಲು ಒಂದು ಸಭಾಂಗಣ ಹಿಡಿದೆವು. ಅಡ್ವಾನ್ಸ್ ಕೊಟ್ಟೆವು, ರಸೀದಿ ಆಯಿತು. ಆಹ್ವಾನ ಪತ್ರಿಕೆ ನೋಡಿದ ಮೇಲೆ ಅಲ್ಲಿಂದ ಫೋನ್ ಬಂತು. "ಮೇಡಂ, ಬೇಜಾರು ಮಾಡ್ಕೋಬೇಡ್ರಿ. ಪುಸ್ತಕ ಬಿಡುಗಡೆ, ನಾಮಕರಣ ಏನಾರ ಮಾಡ್ರಿ, ಇಂಥದ್ದೆಲ್ಲ ಯಾಕೆ ಬೇಕು?" ದುಡ್ಡನ್ನು ಒಂದು ರೂಪಾಯಿ ಮುರಿಯದೆ ವಾಪಸ್ ಕೊಟ್ಟರು. ಇನ್ನೊಂದು ಕಡೆ ಆ ದಿನ ಖಾಲಿ ಇಲ್ಲ ಅಂದರು. ಕಾಲೇಜು ಹುಡುಗಿಯೊಬ್ಬಳು ಮದುವೆ ಮನೆಯವಳ ಹಾಗೆ ಫೋನ್ ಮಾಡಿ ಕೇಳಿದಳು, ಖಾಲಿ ಇತ್ತು. ಡಿಟಿಪಿ ಅಂಗಡಿಯವರು ಕರಪತ್ರ ಚೆನ್ನಾಗಿ ಮಾಡಿ ಕೊಟ್ಟು, ನಮ್ಮ ಅಂಗಡಿ ಹೆಸರು ಹಾಕಬೇಡಿ ಅಂದರು. ಬರ್ತೀನಿ ಅಂದಿದ್ದ ಒಬ್ಬ ಸರ್ಕಾರಿ ನೌಕರರು ನಡತೆ ನಿಯಮ ನೆನಪು ಮಾಡಿಕೊಂಡು ಹಿಂದೆ ಸರಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಸಂಬಳದ ಮೇಲೆ ಮನೆ ನಿಂತಿರುವವರು ಅವರು.

ಇಷ್ಟೂ ಜನರಲ್ಲಿ ಒಬ್ಬರನ್ನೂ ಯಾರೂ ಹೆದರಿಸಿರಲಿಲ್ಲ. ಯಾವ ಆದೇಶವೂ ಬಂದಿರಲಿಲ್ಲ, ಯಾರ ಫೋನೂ ಬಂದಿರಲಿಲ್ಲ. ಮುಂದೆ ಏನಾದರೂ ಆದೀತು ಅನ್ನುವ ಲೆಕ್ಕವನ್ನು ಅವರವರೇ ಹಾಕಿಕೊಂಡಿದ್ದರು. ಬೆಂಗಳೂರಿನಲ್ಲಾದರೆ ಒಂದು ಜಾಗ ಸಿಗದಿದ್ದರೆ ಇನ್ನೊಂದು ಸಿಗುತ್ತದೆ. ನಮ್ಮಂಥ ಊರಿನಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಸಭಾಂಗಣದವರ ಮಗನಿಗೆ ಸೀಟು ಬೇಕು, ಅಂಗಡಿಯವರಿಗೆ ಲೈಸೆನ್ಸ್ ನವೀಕರಣ ಆಗಬೇಕು, ಇಬ್ಬರಿಗೂ ಮುಂದಿನ ಚುನಾವಣೆಯಲ್ಲಿ ಎರಡೂ ಪಕ್ಷದ ಕೆಲಸ ಬೇಕು. ಅಧಿಕಾರ ಅಂದರೆ ವಿಧಾನಸೌಧದಲ್ಲಿ ಕೂತಿರುವುದು ಮಾತ್ರ ಅಲ್ಲ ಅನ್ನುವುದು ಇಲ್ಲಿ ಚೆನ್ನಾಗಿ ಗೊತ್ತಾಗುತ್ತದೆ.

ಸಭಾಂಗಣ ಬೇಡ, ನಮ್ಮ ಬಡಾವಣೆಯ ಪಾರ್ಕಿನಲ್ಲೇ ಮಾಡೋಣ ಅಂದರು ಕಾಮ್ರೇಡಣ್ಣ. ಪಾರ್ಕ್ ನೋಡಿಕೊಳ್ಳುವ ಕಚೇರಿಗೆ ಹೋದರೆ ಪೊಲೀಸ್ ಅನುಮತಿ ತನ್ನಿ ಅಂದರು. ಠಾಣೆಗೆ ಹೋದರೆ ಮೊದಲು ಜಾಗದವರ ಒಪ್ಪಿಗೆ ತನ್ನಿ ಅಂದರು. ಇದು ಎಲ್ಲರಿಗೂ ಗೊತ್ತಿರುವ ಕಥೆ, ಬಿಡಿ.

ಠಾಣೆಯಲ್ಲಿ ಆದ ಮಾತು ಮಾತ್ರ ಹೇಳಬೇಕು. ಅಧಿಕಾರಿ ಒರಟು ಮನುಷ್ಯ ಅಲ್ಲ. ಕೂರಿಸಿದರು, ಚಹಾ ತರಿಸಿದರು. ಕರಪತ್ರವನ್ನು ಪೂರ್ತಿ ಓದಿದರು. ಆಮೇಲೆ, "ಮೇಡಂ, ಹತ್ತು ಜನಕ್ಕಿಂತ ಜಾಸ್ತಿ ಪಾರ್ಕಿನಾಗೆ ಸೇರಂಗಿಲ್ರೀ. ಸರ್ಕಾರದ ಆದೇಶ ಐತಿ" ಅಂದರು.

ಆ ಆದೇಶ ನನಗೆ ಗೊತ್ತಿತ್ತು. 2025ರ ಅಕ್ಟೋಬರ್‌ನಲ್ಲಿ ಗೃಹ ಇಲಾಖೆ ಹೊರಡಿಸಿದ್ದು. ಖಾಸಗಿ ಸಂಘ ಸಂಸ್ಥೆಗಳು ಸರ್ಕಾರಿ ಶಾಲೆ, ಮೈದಾನ, ಪಾರ್ಕು, ರಸ್ತೆಯಲ್ಲಿ ಕಾರ್ಯಕ್ರಮ ಮಾಡಬೇಕಾದರೆ ಮುಂಚೆಯೇ ಅನುಮತಿ ಪಡೆಯಬೇಕು ಅಂತ. ಆರೆಸ್ಸೆಸ್ ಶಾಖೆ, ಪಥಸಂಚಲನ ನೋಡಿಕೊಂಡೇ ಅದನ್ನು ತಂದರು ಅಂತ ರಾಜ್ಯವೆಲ್ಲ ಮಾತಾಡಿಕೊಂಡಿತ್ತು. ನಮ್ಮ ಬಳಗದಲ್ಲೂ ಆಗ ಕೆಲವರು ಸರಿಯಾಗಿ ಮಾಡಿದರು ಅಂದಿದ್ದರು. ಅದೇ ಆದೇಶ ಈಗ ಒಂದು ಓದುವ ಬಳಗದ ಮೇಲೆ ಬಂದು ಬಿತ್ತು. ಕಾನೂನು ಬರೆಯುವಾಗ ಯಾರನ್ನು ನೆನೆಸಿಕೊಂಡು ಬರೆದರು ಅನ್ನುವುದು ಠಾಣೆಯ ಮೇಜಿನ ಮೇಲೆ ಕಾಣುವುದಿಲ್ಲ. ಅಲ್ಲಿ ಕಾಣುವುದು "ಹತ್ತು ಜನ" ಅನ್ನುವುದು ಮಾತ್ರ.

ವಕೀಲೆ ಗೆಳತಿಗೆ ಫೋನ್ ಮಾಡಿದೆ. "ಆ ಆದೇಶಕ್ಕೆ ಹೈಕೋರ್ಟಿನ ಧಾರವಾಡ ಪೀಠ ಅದೇ ಅಕ್ಟೋಬರ್ 28ಕ್ಕೆ ಮಧ್ಯಂತರ ತಡೆ ಕೊಟ್ಟಿದೆ ಕಣೇ, ಪೇಪರ್‌ನಲ್ಲೆಲ್ಲ ಬಂದಿದೆ" ಅಂದಳು. ಅಧಿಕಾರಿಗೆ ಅದನ್ನೇ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದಿರ್ಲಿ, 163 ಹಾಕಿದ್ರೆ?" ಅಂದರು. ಹಳೆಯ 144, ಈಗ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 163. ಹಾಕಿದ್ದಾರಾ ಅಂತ ಕೇಳಿದೆ. ಇಲ್ಲ ಅಂದರು. "ಆದ್ರೆ ಹಾಕಬಹುದು."

ಗೆಳತಿ ಅವತ್ತು ರಾತ್ರಿ ನನ್ನನ್ನು ಕೂರಿಸಿಕೊಂಡು ಇದನ್ನೆಲ್ಲ ಬಿಡಿಸಿ ಹೇಳಿದಳು. 163ನ್ನು ಠಾಣೆ ಹಾಕುವುದಲ್ಲ. ನಮ್ಮದು ಕಮಿಷನರೇಟ್ ಇಲ್ಲದ ಜಿಲ್ಲೆ, ಇಲ್ಲಿ ಅದನ್ನು ಹೊರಡಿಸುವುದು ಜಿಲ್ಲಾಧಿಕಾರಿ, ತಹಶೀಲ್ದಾರರಂಥ ದಂಡಾಧಿಕಾರಿಗಳು. ಅದು ಬರಹದಲ್ಲಿ ಇರಬೇಕು, ಕಾರಣ ಹೇಳಬೇಕು. ಕಾಶ್ಮೀರದ ಇಂಟರ್ನೆಟ್ ಪ್ರಕರಣದಲ್ಲಿ, ಅಂದರೆ 2020ರ ಜನವರಿಯ ಅನುರಾಧಾ ಭಾಸಿನ್ ತೀರ್ಪಿನಲ್ಲಿ, ಇಂಥ ಆದೇಶಗಳನ್ನು ಪ್ರಕಟಿಸಬೇಕು, ನ್ಯಾಯವಾದ ಅಭಿಪ್ರಾಯವನ್ನು ಅದುಮಲು ಬಳಸಬಾರದು ಅಂತ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ನಾನು ಮಾಡಬೇಕಾದ್ದು ಒಂದೇ ಕೆಲಸ. ಯಾರು ಆಗಲ್ಲ ಅಂದರೂ ಜಗಳ ಆಡಬಾರದು. "ಸರಿ ಸಾರ್, ಆಗಲ್ಲ ಅನ್ನೋದನ್ನ ಬರೆದು ಕೊಡಿ" ಅನ್ನಬೇಕು. ಬರೆದು ಕೊಟ್ಟರೆ ಅದನ್ನು ಹಿಡಿದುಕೊಂಡು ಮೇಲಿನವರ ಹತ್ತಿರವೋ ಹೈಕೋರ್ಟಿಗೋ ಹೋಗಬಹುದು. ಬಾಯಿ ಮಾತಿನ ಮೇಲೆ ಎಲ್ಲಿಗೂ ಹೋಗೋಕಾಗಲ್ಲ.

ಇನ್ನೊಂದು ದಾರಿಯನ್ನೂ ಅವಳೇ ತೋರಿಸಿದಳು. ಶಾಂತಿಯುತ ಸಭೆಗೆ ಅನುಮತಿ, ಧ್ವನಿವರ್ಧಕದ ಪರವಾನಗಿ ಎರಡೂ ಸಕಾಲದಲ್ಲಿ ಬರುವ ಸೇವೆಗಳು. ಸಕಾಲ ಕಾಯ್ದೆ 2011ರದ್ದು. ಜಾತಿ ಪ್ರಮಾಣ ಪತ್ರಕ್ಕೆ, ಖಾತೆಗೆ ಮಾತ್ರ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಿದರೆ 15 ಅಂಕಿಯ ಜಿಎಸ್‌ಸಿ ಸಂಖ್ಯೆ ಸಿಗುತ್ತದೆ. ಅಲ್ಲಿಂದ ಗಡುವು ಶುರು. ಕೊಟ್ಟರೆ ಕೊಟ್ಟರು, ಇಲ್ಲದಿದ್ದರೆ ಯಾಕಿಲ್ಲ ಅಂತ ಹೇಳಲೇಬೇಕು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರ ತನಕ ಪರಿಹಾರವೂ ಉಂಟು. ಆ 20 ರೂಪಾಯಿ ಯಾರಿಗೆ ಬೇಕು? ನಮಗೆ ಬೇಕಾಗಿದ್ದು ಆ ಸಂಖ್ಯೆ. ಅದು ಇದ್ದರೆ ನಮ್ಮ ಅರ್ಜಿ ಬಂದೇ ಇಲ್ಲ ಅಂತ ಯಾರೂ ಹೇಳೋಕಾಗಲ್ಲ.

ಸೈಬರ್ ಸೆಂಟರಿನಲ್ಲಿ ಕೂತು ಅರ್ಜಿ ಹಾಕಿದೆವು. ಕಾರ್ಯಕ್ರಮದ ಉದ್ದೇಶ ಅಂತ ಒಂದು ಚೌಕ ಇತ್ತು. ಹುಡುಗರು "ಸಾಂಸ್ಕೃತಿಕ ಕಾರ್ಯಕ್ರಮ" ಅಂತ ಹಾಕೋಣ, ಸುಲಭ ಆಗುತ್ತೆ ಅಂದರು. ನಾನು ಒಪ್ಪಲಿಲ್ಲ. "ಸಂವಿಧಾನದ 19ನೇ ವಿಧಿ ಮತ್ತು ದ್ವೇಷ ಭಾಷಣ ಮಸೂದೆ ಕುರಿತು ಸಾರ್ವಜನಿಕ ಚರ್ಚೆ" ಅಂತ ಪೂರ್ತಿ ಬರೆಸಿದೆ. ಹೆಸರು ಮುಚ್ಚಿಟ್ಟು ಪಡೆದ ಅನುಮತಿಯಲ್ಲಿ ಮಾತಾಡುವವರಿಗೂ ಅರ್ಧ ಧೈರ್ಯ ಮಾತ್ರ ಇರುತ್ತದೆ.

ಸಂಕ್ರಾಂತಿ ಕಳೆದ ಮೇಲೆ ಠಾಣೆಯಿಂದ ಕರೆ ಬಂತು. ಈ ಸಲ ಗೆಳತಿಯೂ ಬಂದಳು, ಕಾಮ್ರೇಡಣ್ಣನೂ ಬಂದರು. ಅಧಿಕಾರಿ ಮಾತಾಡುವವರ ಹೆಸರು, ಫೋನ್ ನಂಬರ್ ಕೇಳಿದರು. ಕೊಟ್ಟೆವು. ಭಾಷಣದ ಪ್ರತಿ ಕೇಳಿದರು. ಅದು ಇಲ್ಲ ಅಂದೆವು. ಆಮೇಲೆ ನಿಜವಾದ ಚಿಂತೆ ಹೊರಗೆ ಬಂತು. "ನೀವು ಒಳ್ಳೇವ್ರೇ ಇರ್ಬಹುದ್ರೀ. ಯಾರೋ ಬಂದು ಗಲಾಟೆ ಮಾಡಿದ್ರೆ? ಮರುದಿನ ಪರೇಡು ಬೇರೆ ಐತಿ. ನನ್ನ ಕುತ್ತಿಗೆಗೆ ಬರ್ತದೆ."

ಈ ಮಾತಿಗೆ ಗೆಳತಿ ಕೊಟ್ಟ ಉತ್ತರ ನನಗೆ ಬಹಳ ಹಿಡಿಸಿತು. ತಮಿಳುನಾಡಿನ ಒಂದು ಸಿನಿಮಾ ವಿಷಯದಲ್ಲಿ 1989ರಲ್ಲಿ ಸುಪ್ರೀಂ ಕೋರ್ಟ್ ರಂಗರಾಜನ್ ಪ್ರಕರಣ ತೀರ್ಮಾನ ಮಾಡಿತ್ತು. ಗಲಾಟೆ ಮಾಡ್ತೀವಿ ಅನ್ನುವವರಿಗೆ ಹೆದರಿ ಮಾತನ್ನು ನಿಲ್ಲಿಸುವ ಹಾಗಿಲ್ಲ, ವಿರೋಧಿಗಳನ್ನು ನಿಭಾಯಿಸೋಕಾಗಲ್ಲ ಅಂತ ಸರ್ಕಾರ ಕೈ ಚೆಲ್ಲುವ ಹಾಗಿಲ್ಲ ಅಂತ. "ಸಾರ್, ಗಲಾಟೆ ಮಾಡೋರು ಬಂದ್ರೆ ನೀವು ತಡೀಬೇಕಾಗಿದ್ದು ಅವರನ್ನ, ನಮ್ಮನ್ನಲ್ಲ. ಅದಕ್ಕೇ ನಿಮ್ಮ ಹತ್ರ ಬಂದಿರೋದು" ಅಂದಳು. ಗದರಿಸಿ ಹೇಳಲಿಲ್ಲ. ಅಣ್ಣನ ಹತ್ತಿರ ಕೇಳುವ ಹಾಗೆ ಹೇಳಿದಳು.

ಅವರು ಡ್ರಾಯರಿನಿಂದ ಒಂದು ಕಾಗದ ತೆಗೆದರು. ಮುಚ್ಚಳಿಕೆ. ಜೆರಾಕ್ಸಿನ ಜೆರಾಕ್ಸ್ ಮಾಡಿ ಅಕ್ಷರ ಮಾಸಿ ಹೋಗಿತ್ತು. ಗಣೇಶನ ಹಬ್ಬಕ್ಕೆ ಬರೆಸಿಕೊಳ್ಳುವುದೂ ಅದೇ ಇರಬೇಕು. ರಾತ್ರಿ 10ರ ಮೇಲೆ ಧ್ವನಿವರ್ಧಕ ಹಾಕುವುದಿಲ್ಲ, ಸಂಚಾರಕ್ಕೆ ತೊಂದರೆ ಮಾಡುವುದಿಲ್ಲ, ಡಿಜೆ ಬಳಸುವುದಿಲ್ಲ, ಯಾವುದೇ ಜಾತಿ ಧರ್ಮದವರ ಮನಸ್ಸು ನೋಯಿಸುವುದಿಲ್ಲ ಅಂತ ಟೈಪ್ ಮಾಡಿದ ಸಾಲುಗಳು. ಕೆಳಗೆ, ಸಹಿಯ ಜಾಗಕ್ಕಿಂತ ಸ್ವಲ್ಪ ಮೇಲೆ, ನೀಲಿ ಪೆನ್ನಿನಲ್ಲಿ ಒಂದು ಸಾಲು ಸೇರಿಸಿದ್ದರು. "ಸರ್ಕಾರದ ಅಥವಾ ಯಾವುದೇ ಜನಪ್ರತಿನಿಧಿಯ ವಿರುದ್ಧ ಭಾಷಣ ಮಾಡುವುದಿಲ್ಲ." ಇಂಕು ಇನ್ನೂ ಹೊಸದಾಗಿತ್ತು. ನಮಗಾಗಿಯೇ ಬರೆದದ್ದು.

ಗೆಳತಿ ಆ ಸಾಲಿನ ಕೆಳಗೆ ಬೆರಳಿಟ್ಟಳು. "ಮೇಲಿನದಕ್ಕೆಲ್ಲ ಸಹಿ ಹಾಕ್ತೀವಿ ಸಾರ್. ಇದಕ್ಕೆ ಹಾಕಲ್ಲ." ಯಾಕೆ ಅಂತ ಅವರು ಕೇಳಿದರು. ಅವಳು ಬ್ಯಾಗಿನಿಂದ ಕನ್ನಡದ ಸಂವಿಧಾನ ತೆಗೆದು 19ನೇ ವಿಧಿಯ 2ನೇ ಖಂಡ ಓದಿದಳು. ಮಾತಿಗೆ ಕಟ್ಟುಪಾಡು ಹಾಕಲು ಸರ್ಕಾರಕ್ಕೆ ಇರುವ ಕಾರಣಗಳು ಅಷ್ಟೇ. ದೇಶದ ಸಾರ್ವಭೌಮತ್ವ ಮತ್ತು ಅಖಂಡತೆ, ರಾಜ್ಯದ ಭದ್ರತೆ, ಹೊರದೇಶಗಳ ಜೊತೆ ಸ್ನೇಹ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಅಥವಾ ನೈತಿಕತೆ, ನ್ಯಾಯಾಂಗ ನಿಂದನೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ. "ಜನಪ್ರತಿನಿಧಿಗೆ ಬೇಜಾರಾಗೋದು ಇದರಲ್ಲಿ ಇಲ್ಲ ಸಾರ್. ಆ ಸಾಲು ಬೇಕೇ ಬೇಕು ಅಂದ್ರೆ ಅನುಮತಿ ಇಲ್ಲ ಅಂತ ಬರೆದು ಕೊಟ್ಟುಬಿಡಿ, ನಾವು ಹೋಗ್ತೀವಿ."

ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಅಧಿಕಾರಿ ಎದ್ದು ಹೊರಗೆ ಹೋಗಿ ಯಾರಿಗೋ ಫೋನ್ ಮಾಡಿದರು. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಕಾಮ್ರೇಡಣ್ಣ ಮಾತ್ರ ಆರಾಮಾಗಿ ಗೋಡೆಯ ಮೇಲಿನ ಗಾಂಧಿ, ಅಂಬೇಡ್ಕರ್ ಫೋಟೋ ನೋಡುತ್ತಿದ್ದರು. ತುರ್ತು ಪರಿಸ್ಥಿತಿ ಕಂಡವರು ಅವರು. 1975ರ ಜೂನ್‌ನಿಂದ 77ರ ಮಾರ್ಚ್ ತನಕ ಗಿರಣಿ ಗೇಟಿನ ಮುಂದೆ ನಾಲ್ಕು ಜನ ನಿಂತು ಕೂಲಿ ಬಗ್ಗೆ ಮಾತಾಡೋಕೂ ಹೆದರುತ್ತಿದ್ದ ದಿನಗಳನ್ನು ಎಷ್ಟೋ ಸಲ ಹೇಳಿದ್ದಾರೆ. ಅಧಿಕಾರಿ ವಾಪಸ್ ಬಂದು ಕೂತರು. ಅದೇ ನೀಲಿ ಪೆನ್ನಿನಿಂದ ಆ ಸಾಲನ್ನು ಹೊಡೆದು ಹಾಕಿದರು. ಪಕ್ಕದಲ್ಲಿ ಚಿಕ್ಕದಾಗಿ ಸಹಿ ಮಾಡಿದರು. "ನೀವೂ ಹಾಕ್ರಿ ಇಲ್ಲಿ" ಅಂದರು. ಹಾಕಿದೆವು. ಅನುಮತಿ ಪತ್ರ ಶುಕ್ರವಾರ ಸಂಜೆ ಕೈಗೆ ಬಂತು. ಅದಾದ ಮೇಲೆ ಪಾರ್ಕಿನ ಕಚೇರಿಯವರು ಶುಲ್ಕ ಕಟ್ಟಿಸಿಕೊಂಡು ಒಪ್ಪಿಗೆ ಕೊಟ್ಟರು.

ಆ ಅಧಿಕಾರಿಯನ್ನು ಹಳಿಯಲು ನನಗೆ ಮನಸ್ಸಿಲ್ಲ. ಮೇಲಿನವರ ಮುನಿಸು ಎಲ್ಲಿಂದ ಬರುತ್ತದೋ ಗೊತ್ತಿಲ್ಲದೆ ಮುಂಚೆಯೇ ಬಾಗಿಲು ಹಾಕಿಕೊಳ್ಳುವ ಅಭ್ಯಾಸ ಆ ಕುರ್ಚಿಗೆ ಬಂದುಬಿಟ್ಟಿದೆ. ಬರಹದಲ್ಲಿ ಕೇಳಿದಾಗ ಅವರಿಗೂ ಒಂದು ಆಸರೆ ಸಿಕ್ಕಿತು ಅನ್ನಿಸುತ್ತದೆ. ನಿಯಮದ ಪ್ರಕಾರ ಕೊಟ್ಟೆ ಅಂತ ಅವರೂ ಹೇಳಬಹುದಲ್ವಾ?

ಭಾನುವಾರ ಸಂಜೆ ಪಾರ್ಕಿಗೆ ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಜನ ಬಂದರು. ವಾಕಿಂಗ್‌ಗೆ ಬಂದವರೂ ನಿಂತರು. ಚಿತ್ರದುರ್ಗದಿಂದ ರಂಗದ ಹುಡುಗರು ಬಸ್ಸು ಹತ್ತಿ ಬಂದಿದ್ದರು. ಇಬ್ಬರು ಪೊಲೀಸರು ಹಿಂದಿನ ಕುರ್ಚಿಯಲ್ಲಿ ಕೂತು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡರು. ಮಾಡಿಕೊಳ್ಳಲಿ, ಮುಚ್ಚಿಡುವಂಥದ್ದು ಏನೂ ಇರಲಿಲ್ಲ.

ಮೇಷ್ಟ್ರು ಚೆನ್ನಾಗಿ ಮಾತಾಡಿದರು. ಗೆಳತಿ ಒಂದು ಹಳೆಯ ಸಂಗತಿ ಹೇಳಿದಳು, ಎಷ್ಟೋ ಜನಕ್ಕೆ ಅದು ಹೊಸದು. 1950ರ ಮೇ 26ಕ್ಕೆ ಸುಪ್ರೀಂ ಕೋರ್ಟ್ ಎರಡು ತೀರ್ಪು ಕೊಟ್ಟಿತು. ಒಂದು, ಮದ್ರಾಸ್ ಸರ್ಕಾರ ತಡೆದಿದ್ದ ಎಡಪಂಥದ 'ಕ್ರಾಸ್ ರೋಡ್ಸ್' ಪತ್ರಿಕೆಯದು. ಇನ್ನೊಂದು, ದೆಹಲಿಯಲ್ಲಿ ಮುಂಚೆಯೇ ಸೆನ್ಸಾರ್ ಮಾಡಿಸಿಕೊಳ್ಳಬೇಕು ಅಂತ ಆದೇಶ ಪಡೆದಿದ್ದ, ಆರೆಸ್ಸೆಸ್ ಕಡೆಯ 'ಆರ್ಗನೈಸರ್' ಪತ್ರಿಕೆಯದು. ಎಡದವರೂ ಗೆದ್ದರು, ಬಲದವರೂ ಗೆದ್ದರು, ಒಂದೇ ದಿನ. ಮರುವರ್ಷ ನೆಹರೂ ಸರ್ಕಾರ ಮೊದಲನೇ ತಿದ್ದುಪಡಿ ತಂದು, ಸಾರ್ವಜನಿಕ ಸುವ್ಯವಸ್ಥೆ ಅನ್ನುವ ಕಾರಣವನ್ನು 19ನೇ ವಿಧಿಗೆ ಸೇರಿಸಿತು. ನಿರ್ಬಂಧ ನ್ಯಾಯಸಮ್ಮತವಾಗಿ ಇರಬೇಕು ಅನ್ನುವ ಮಾತು ಸೇರಿದ್ದೂ ಆಗಲೇ.

ಆಮೇಲೆ 66ಎ ಕಥೆ, ಇಂಟರ್ನೆಟ್‌ನಲ್ಲಿ ಇನ್ನೊಬ್ಬರಿಗೆ ಕಿರಿಕಿರಿಯಾಗುವಂಥದ್ದು ಕಳಿಸಿದರೆ ಜೈಲು ಅನ್ನುತ್ತಿದ್ದ ಕಲಮು. ಐಟಿ ಕಾಯ್ದೆಗೆ ಅದನ್ನು 2008ರ ತಿದ್ದುಪಡಿಯಲ್ಲಿ ಸೇರಿಸಿದ್ದು ಯುಪಿಎ ಸರ್ಕಾರ. 2012ರಲ್ಲಿ ಬಂಗಾಳದಲ್ಲಿ ಮಮತಾ ಬ್ಯಾನರ್ಜಿಯವರ ಬಗೆಗಿನ ವ್ಯಂಗ್ಯಚಿತ್ರ ಕಳಿಸಿದ ಪ್ರೊಫೆಸರ್ ಒಬ್ಬರನ್ನು ಹಿಡಿದರು. ಅದೇ ವರ್ಷ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಬಂದ್ ಬಗ್ಗೆ ಫೇಸ್‌ಬುಕ್‌ನಲ್ಲಿ ಬರೆದ ಹುಡುಗಿಯನ್ನೂ ಅದಕ್ಕೆ ಲೈಕ್ ಒತ್ತಿದ ಅವಳ ಗೆಳತಿಯನ್ನೂ ಹಿಡಿದರು. ಆಮೇಲೆ ಸರ್ಕಾರ ಬದಲಾಯಿತು. ಕೋರ್ಟಿನಲ್ಲಿ ಆ ಕಲಮನ್ನು ಉಳಿಸಲು ವಾದ ಮಾಡಿದ್ದು ಎನ್‌ಡಿಎ ಸರ್ಕಾರ. 2015ರ ಮಾರ್ಚ್ 24ಕ್ಕೆ ಶ್ರೇಯಾ ಸಿಂಘಲ್ ತೀರ್ಪಿನಲ್ಲಿ ಅದು ಬಿದ್ದು ಹೋಯಿತು. ಚರ್ಚೆ ಮಾಡುವುದು ಬೇರೆ, ಪ್ರತಿಪಾದನೆ ಬೇರೆ, ಪ್ರಚೋದನೆ ಬೇರೆ, ಪ್ರಚೋದನೆಗೆ ಮುಟ್ಟಿದಾಗ ಮಾತ್ರ ಸರ್ಕಾರ ಕೈ ಹಾಕಬಹುದು ಅಂತ ಕೋರ್ಟ್ ಹೇಳಿತು. 2025ರ ಮಾರ್ಚ್ 28ಕ್ಕೆ, ಒಂದು ಕವಿತೆ ಹಾಕಿದ್ದಕ್ಕೆ ಗುಜರಾತ್ ಪೊಲೀಸರು ಸಂಸದ ಇಮ್ರಾನ್ ಪ್ರತಾಪಗಢಿ ಮೇಲೆ ಹಾಕಿದ್ದ ಎಫ್‌ಐಆರನ್ನು ಅದೇ ಸುಪ್ರೀಂ ಕೋರ್ಟ್ ರದ್ದು ಮಾಡಿತು. "ಈ ಪಟ್ಟಿಯಲ್ಲಿ ನಿಮಗೆ ಇಷ್ಟವಾದ ಪಕ್ಷವೂ ಇದೆ, ಇಷ್ಟ ಇಲ್ಲದ ಪಕ್ಷವೂ ಇದೆ" ಅಂತ ಹೇಳಿ ಅವಳು ಕೂತಳು.

ಆಮೇಲೆ ಮೈಕ್ ಎಲ್ಲರಿಗೂ ಬಿಟ್ಟೆವು. ನಿಜವಾದ ಪರೀಕ್ಷೆ ಆಗಿದ್ದು ಆಗಲೇ.

ಒಬ್ಬ ಹುಡುಗ ಎದ್ದು ಬಂದ. ಅದೇ ಬಡಾವಣೆಯವನು, ಶಾಖೆಗೆ ಹೋಗುವವನು, ನನಗೆ ಮುಖ ಪರಿಚಯ. "ಅಕ್ಟೋಬರ್‌ನಾಗೆ ನಮ್ಮನ್ನ ಇದೇ ಪಾರ್ಕಿನಿಂದ ಹೊರಗೆ ಹಾಕಾಕೆ ಆದೇಶ ಮಾಡಿದ್ರಲ್ಲ, ಅವತ್ತು ನಿಮ್ಮಲ್ಲಿ ಯಾರು ಮಾತಾಡಿದ್ರಿ? ಇವತ್ತು ನಿಮ್ಮ ಬುಡಕ್ಕೆ ಬಂದಾಗ ಸಂವಿಧಾನ ನೆನಪಾಯ್ತಾ?" ಅಂದ. ಅಷ್ಟಕ್ಕೆ ನಿಲ್ಲಿಸಲಿಲ್ಲ. ನಾವೆಲ್ಲ ನಗರ ನಕ್ಸಲರು ಅಂದ, ದೇಶದ ಅನ್ನ ತಿಂದು ದೇಶ ಬೈಯೋರು ಅಂದ. ಮುಂದಿನ ಸಾಲಿನಿಂದ ನಮ್ಮವರೇ ಕೂಗಿದರು, "ಕೂರಿಸ್ರಿ ಅವನ್ನ!" ಮೈಕ್‌ಸೆಟ್ಟಿನವನು ನನ್ನ ಮುಖ ನೋಡಿದ. ಬಂದ್ ಮಾಡ್ಲಾ ಅಂತ ಕೈಸನ್ನೆ ಮಾಡಿದ.

ಬೇಡ ಅಂದೆ. ಎದ್ದು ಹೋಗಿ ಅವನ ಪಕ್ಕ ನಿಂತೆ. "ಎಲ್ಲರಿಗೂ ಕೊಟ್ಟಷ್ಟೇ ಸಮಯ ಇವರಿಗೂ ಇದೆ. ಮುಗಿಸಲಿ" ಅಂದೆ. ಸಿಟ್ಟು ನನಗೂ ಬಂದಿತ್ತು. ಅವನು ಹೇಳಿದ ನಕ್ಸಲ್ ಮಾತು ನನಗೆ ಚುಚ್ಚಿತ್ತು. ಆದರೆ ಅವನ ಮೊದಲ ಪ್ರಶ್ನೆ ಸರಿಯಾಗಿಯೇ ಇತ್ತು. ಅದಲ್ಲದೆ, ಅವನು ನಮ್ಮನ್ನು ಬೈದ, ಯಾರನ್ನೂ ಹೊಡೆಯಿರಿ ಅನ್ನಲಿಲ್ಲ. ಆ ಗೆರೆ ದಾಟಿದ್ದರೆ ನಾನೇ ಮೈಕ್ ಕಿತ್ತುಕೊಳ್ಳುತ್ತಿದ್ದೆ. ಬೈಗುಳವನ್ನು ತಡೆದುಕೊಳ್ಳುವುದು, ಹೊಡೆತಕ್ಕೆ ಕರೆಯುವುದನ್ನು ತಡೆಯುವುದು, ಇವೆರಡರ ವ್ಯತ್ಯಾಸ ಅಲ್ಲಿ ನಿಂತಾಗ ನನಗೆ ತೀರ್ಪುಗಳಲ್ಲಿ ಓದಿದ್ದಕ್ಕಿಂತ ಚೆನ್ನಾಗಿ ಅರ್ಥ ಆಯಿತು.

ಅವನಿಗೆ ಉತ್ತರ ಕೊಟ್ಟದ್ದು ಕಾಮ್ರೇಡಣ್ಣ. "ತಮ್ಮಾ, ನೀನು ಕೇಳಿದ್ದು ಸರಿ ಐತಿ. ಅವತ್ತೇ ನಾವು ಮಾತಾಡಬೇಕಿತ್ತು. ಈ ಊರಾಗೆ ಕಮ್ಯುನಿಸ್ಟ್ ಪಂಪಾಪತಿಯವರನ್ನ ಶಾಸಕರು ಮಾಡಿದ್ವಿ ನಾವು. ಚಿಂದೋಡಿ ಲೀಲಾ ಅವರ ಕಂಪನಿ ನಾಟಕಕ್ಕೆ ಟೆಂಟ್ ತುಂಬಿಸಿದ್ವಿ. ಸ್ಟೇಜಿನ ಮೇಲೆ ಮಂತ್ರಿಗಳನ್ನ ಆಡಿಕೊಂಡು ನಗ್ತಿದ್ರೆ ಮುಂದಿನ ಕುರ್ಚಿಯಾಗೆ ಕೂತ ಮಂತ್ರಿ ಕಡೆಯವರೂ ನಗ್ತಿದ್ರು. ನೀನು ನನ್ನ ಬೈಯಿ, ನಾನು ಕೇಳ್ತೀನಿ. ನಾನು ಮಾತಾಡುವಾಗ ನೀನು ಕೂತು ಕೇಳು, ಅಷ್ಟೇ ನಾನು ಕೇಳೋದು." ಹುಡುಗ ಹೋಗಲಿಲ್ಲ. ಕೂತು ಕೇಳಿದ. ಒಪ್ಪಿದ ಅಂತ ನಾನು ಹೇಳುತ್ತಿಲ್ಲ. ಮುಖ ಬಿಗಿದುಕೊಂಡೇ ಇದ್ದ.

ಮೇಷ್ಟ್ರು ಇವತ್ತಿಗೂ ಮಸೂದೆಯ ಪರವೇ. ಏಟು ತಿಂದವರ ನೆನಪು ಅವರನ್ನು ಬಿಟ್ಟಿಲ್ಲ, ಬಿಡಬೇಕು ಅಂತಲೂ ನಾನು ಹೇಳುವುದಿಲ್ಲ. ನನ್ನ ಅಭಿಪ್ರಾಯ ಮಾತ್ರ ಈ ಓಡಾಟದಲ್ಲಿ ಗಟ್ಟಿಯಾಯಿತು. ದ್ವೇಷದ ಮಾತನ್ನು ಶಿಕ್ಷಿಸುವ ಕಾನೂನು ಬೇಕು, ಆದರೆ ಅದು ಹಿಂಸೆಗೆ ಕರೆ ಕೊಟ್ಟವನನ್ನು ಹಿಡಿಯುವಷ್ಟು ಕಿರಿದಾಗಿರಬೇಕು. ಮಸಕು ಮಸಕಾಗಿ ಬರೆದ ಕಾನೂನು ಕೊನೆಗೆ ಒಂದು ಠಾಣೆಯ ಡ್ರಾಯರಿನೊಳಗೆ ನೀಲಿ ಪೆನ್ನಿನ ಸಾಲಾಗಿ ಬಂದು ಕೂರುತ್ತದೆ. ಎಲ್ಲರ ಜೊತೆಗೂ ಅದನ್ನು ಹೊಡೆಸಿ ಹಾಕುವ ವಕೀಲೆ ಗೆಳತಿ ಇರುವುದಿಲ್ಲ.

ಸಭೆ ಮುಗಿದ ಕೆಲವು ದಿನಕ್ಕೆ ಆ ಹುಡುಗ ನಮ್ಮ ಆಫೀಸಿಗೆ ಬಂದ. ಅವರ ಗೆಳೆಯರು ಅದೇ ಪಾರ್ಕಿನಲ್ಲಿ ಒಂದು ಕಾರ್ಯಕ್ರಮ ಮಾಡಬೇಕಂತೆ, ಬಾಯಿ ಮಾತಿನಲ್ಲಿ ಆಗಲ್ಲ ಅಂದರಂತೆ. "ಅಕ್ಕ, ನಿಮ್ಮ ಅರ್ಜಿ ಒಂದು ಕಾಪಿ ಸಿಗುತ್ತಾ?" ಬಳಗದ ಗ್ರೂಪಿನಲ್ಲಿ ಹೇಳಿದೆ. ಕೆಲವರಿಗೆ ಬಹಳ ಕೋಪ ಬಂತು. ನಮ್ಮನ್ನು ಬೈದವನಿಗೆ ನಾವೇ ದಾರಿ ತೋರಿಸೋದಾ ಅಂದರು. ಕಾಮ್ರೇಡಣ್ಣ ಒಂದೇ ಸಾಲು ಹಾಕಿದರು, "ಕೊಡಮ್ಮ." ಜೆರಾಕ್ಸ್ ಮಾಡಿ ಕೊಟ್ಟೆ. ಸೇವಾ ಸಿಂಧುವಿನಲ್ಲಿ ಎಲ್ಲಿ ಹಾಕಬೇಕು, ಜಿಎಸ್‌ಸಿ ನಂಬರ್ ಹೇಗೆ ಜೋಪಾನ ಮಾಡಬೇಕು ಅಂತಲೂ ಹೇಳಿಕೊಟ್ಟೆ. ಮುಚ್ಚಳಿಕೆ ಕೊಟ್ಟರೆ ಕೊನೆಯ ಸಾಲಿನ ತನಕ ಓದಿ ಸಹಿ ಹಾಕು ಅಂದೆ.

ಮೊನ್ನೆ ಫೋನ್ ಮಾಡಿದ್ದ. ಅರ್ಜಿ ಇನ್ನೂ ಪರಿಶೀಲನೆಯಲ್ಲಿದೆ ಅಂತ ತೋರಿಸುತ್ತಿದೆಯಂತೆ. ಠಾಣೆಯಲ್ಲಿ ಕೇಳಿದರೆ ನೋಡೋಣ ಅನ್ನುತ್ತಾರಂತೆ. "ನೋಡೋಣ ಅಂದ್ರೆ ಏನು ಮಾಡ್ಬೇಕಕ್ಕ?" ಅಂದ. ಗಡುವು ಯಾವತ್ತಿಗೆ ಮುಗಿಯುತ್ತೆ ನೋಡು, ಮುಗಿದ ಮರುದಿನವೇ ಮೇಲ್ಮನವಿ ಹಾಕು ಅಂದೆ. ವಕೀಲೆ ಗೆಳತಿಯ ನಂಬರ್ ಕೊಟ್ಟಿದ್ದೇನೆ.